ಅಕ್ಕನ ಸ್ವಂತ ವಾಕ್ಯ

“ಮಕ್ಕಳೇ, ನಾನೀಗ ಏನು ಮಾಡ್ತಿದ್ದೀನಿ? ನೋಡಿ ಹೇಳಿ,” ಎಂದು ಅಕ್ಕ ಕುರ್ಚಿಗೆ ಒರಗಿ, ಕೈಕಾಲು ಸಡಿಲ ಬಿಟ್ಟು ಕಣ್ಣು ಮುಚ್ಚಿದಳು.

“ಮಿಸ್, ಹುಷಾರಿಲ್ವಾ?” ಎಂದಿತು ಮೊದಲ ಬೆಂಚಿನ ಮಗು.

ಮಗುವಿಗೆ ದಪ್ಪ ಮೀಸೆ ಇತ್ತು. ಶಿಕ್ಷಕರ ತರಬೇತಿ ಕಾಲೇಜಿನ ಅಭ್ಯಾಸ ಪಾಠವೆಂದರೆ ಹೀಗೇ. ಒಬ್ಬರು ಪಾಠ ಮಾಡಬೇಕು. ಮಿಕ್ಕವರೆಲ್ಲ ಎರಡನೇ ತರಗತಿಯ ಮಕ್ಕಳಾಗಿ ಕೂತು, ಗೊತ್ತಿದ್ದ ಪದವನ್ನೂ ಗೊತ್ತಿಲ್ಲ ಎನ್ನಬೇಕು. ಮೀಸೆಯ ಮಗು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೆ ಬರುವ ಆಸಾಮಿ. ಪೆದ್ದ ಹುಡುಗನ ಪಾತ್ರ ಅವನಿಗೆ ಕಾಯಂ. ನಟಿಸುವ ಕಷ್ಟವೂ ಇರಲಿಲ್ಲ, ಹೇಗೂ ಸದಾ ತೂಕಡಿಸುತ್ತಿದ್ದ. ಅಕ್ಕನೋ, ವಯಸ್ಸಿನಲ್ಲಿ ಎಲ್ಲರಿಗಿಂತ ದೊಡ್ಡವಳು, ಅದಕ್ಕೇ ಇಡೀ ತರಗತಿಗೆ ಅಕ್ಕ.

ಹಿಂದಿನಿಂದ ಟಕ್ ಟಕ್ ಎಂದು ಚಪ್ಪಲಿಯ ಸದ್ದು ಬಂತು. ಪಾಠ ನೋಡಿ ಸಹಿ ಹಾಕುವ ಉಪನ್ಯಾಸಕಿಗೆ ಆ ಸದ್ದಿನಿಂದಲೇ ಟಕಟಕ ಮೇಡಂ ಎಂಬ ಹೆಸರು ಬಿದ್ದಿತ್ತು. ಅದು ಕೇಳಿದರೆ ಸಾಕು, ಎಂಥವರ ಬೆನ್ನೂ ನೆಟ್ಟಗಾಗುತ್ತಿತ್ತು.

“ಮಗು ಹೇಳಿದ್ದು ಸರಿಯಾಗೇ ಇದೆ,” ಎಂದರು ಮೇಡಂ. “ಇವತ್ತಿನ ಪದ ವಿಶ್ರಾಂತಿ. ನೀವು ಮಾಡಿ ತೋರಿಸಿದ್ದು ಜ್ವರ. ಮತ್ತೆ ದನಿ ಎಲ್ಲಿ ಹೋಯ್ತು? ಹಿಂದಿನ ಬೆಂಚಿಗೆ ಏನೂ ಕೇಳಿಸ್ತಿಲ್ಲ. ಕೊನೇಲಿ ಆ ಪದ ಹಾಕಿ, ‘ನಾನು’ ಅಂತ ಶುರುವಾಗೋ ನಿಮ್ಮ ಸ್ವಂತ ವಾಕ್ಯ ಬೇಕು, ನೆನಪಿದೆ ತಾನೆ? ಹೋದ ಸಲದ ಹಾಗೆ ಗೈಡಿನ ವಾಕ್ಯ ಒಪ್ಪಿಸಿದ್ರೆ ನಾನು ಸಹಿ ಹಾಕಲ್ಲ.”

ಇದು ಕೊನೆಯ ಅವಕಾಶ. ಸಹಿ ಬೀಳದಿದ್ದರೆ ಅಕ್ಕ ಈ ವರ್ಷ ನಿಜವಾದ ಶಾಲೆಯ ಮೆಟ್ಟಿಲು ಹತ್ತುವಂತಿರಲಿಲ್ಲ. ಇನ್ನೊಂದು ವರ್ಷ ಹೇಗೋ ಏಗೋಣವೆಂದರೆ, ಮಗಳನ್ನು ನೋಡಿಕೊಳ್ಳುತ್ತಿದ್ದ ಅತ್ತೆ ಬೆಳಿಗ್ಗೆಯಷ್ಟೇ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು: “ನನ್ನ ಕೈಲಿ ಇಷ್ಟೇನಮ್ಮಾ ಆಗೋದು. ಈ ವರ್ಷ ಮುಗಿಸ್ಕೋ, ಇಲ್ಲಾ ಬಿಟ್ಬಿಡು.” ಅವರ ಮೇಲೆ ಸಿಟ್ಟು ಮಾಡಿಕೊಳ್ಳುವಂತೆಯೂ ಇರಲಿಲ್ಲ. ಪಾಪ, ಮಂಡಿ ಹಿಡಿದುಕೊಂಡೇ ಹೇಳಿದ್ದರು.

ಆ ಹಾಳು ವಾಕ್ಯವನ್ನು ಅಕ್ಕ ಪಾತ್ರೆ ತೊಳೆಯುತ್ತಾ, ಮಗಳಿಗೆ ಜಡೆ ಹಾಕುತ್ತಾ, ಬಸ್ಸಿನ ಕಂಬಿ ಹಿಡಿದು ಜೋತಾಡುತ್ತಾ ಹುಡುಕಿದ್ದೇ ಹುಡುಕಿದ್ದು. ವಿಶ್ರಾಂತಿಯ ವಾಕ್ಯಕ್ಕೆ ಗಂಡ ಸಿಕ್ಕ, ಅತ್ತೆ ಸಿಕ್ಕರು, ಎದುರುಮನೆಯ ನಾಯಿಯೂ ಸಿಕ್ಕಿತು. ‘ನಾನು’ ಎಂದು ಶುರು ಮಾಡಿದ ವಾಕ್ಯ ಮಾತ್ರ ಜಪ್ಪಯ್ಯ ಅಂದರೂ ಮುಂದಕ್ಕೆ ಹೋಗಲಿಲ್ಲ. ಒಂದು ಸುಳ್ಳನ್ನಾದರೂ ಕಟ್ಟೋಣವೆಂದರೆ ಅದಕ್ಕೂ ತಲೆ ಓಡಬೇಕಲ್ಲ. ಅಳು ಬರುವಷ್ಟು ಸುಸ್ತಾಗಿತ್ತು ಅವಳಿಗೆ.

“ಸರಿ ಮಕ್ಕಳೇ,” ಎಂದು ದನಿ ಏರಿಸಿದಳು. “ಈ ಸಲ ನಾನು ಹೇಗೆ ಮಾಡ್ತೀನೋ ನೀವೂ ಹಾಗೇ ಮಾಡ್ಬೇಕು. ಮಾಡ್ತಾ ಮಾಡ್ತಾ, ಪದ ಯಾವ್ದಿರಬಹುದು ಅಂತ ಯೋಚನೆ ಮಾಡಿ.”

ಮೇಜಿನ ಮೇಲೆ ಎರಡೂ ಕೈ ಮಡಚಿ ಕೆನ್ನೆ ಇಟ್ಟಳು. ಮರ ತಣ್ಣಗಿತ್ತು. ಹತ್ತು ಎಣಿಸಿ ಎದ್ದುಬಿಡಬೇಕು ಅಂದುಕೊಂಡಳು. ನಾಲ್ಕೋ ಐದೋ ಎಣಿಸಿದ್ದು ಗೊತ್ತು, ಅಷ್ಟೇ.

ಎಚ್ಚರವಾದಾಗ ನೆಲದ ಮೇಲಿದ್ದ ಬಿಸಿಲು ಗೋಡೆ ಹತ್ತಿತ್ತು. ಕೆನ್ನೆ ಸವರಿಕೊಂಡರೆ ಬಳೆಯ ಅಚ್ಚು. ಅಯ್ಯೋ ದೇವರೇ, ಮುಗೀತು, ವರ್ಷ ಕೈಬಿಟ್ಟು ಹೋಯಿತು ಎಂದು ಎದೆ ಧಸಕ್ಕೆಂದಿತು. ತಲೆ ಎತ್ತಿ ನೋಡಿದರೆ ಎದುರಿಗೆ ಒಂದು ಮುಖವೂ ಇಲ್ಲ, ಬರೀ ನೆತ್ತಿಗಳು. ಮಿಸ್ ಹೇಳಿದಂತೆಯೇ ಎಲ್ಲರೂ ಕೈ ಮಡಚಿ ಡೆಸ್ಕಿಗೆ ಕೆನ್ನೆ ಕೊಟ್ಟಿದ್ದರು. ನಸುಕಿಗೇ ಎದ್ದು ಹಾಲಿನ ಬೂತ್ ತೆರೆಯುವವಳು, ಅಂಗಡಿಯಲ್ಲಿ ಮೂಟೆ ಇಳಿಸಿ ಬರುವವನು, ಕೈಗೂಸನ್ನು ತಾಯಿಯ ಹತ್ತಿರ ಬಿಟ್ಟು ಓಡಿ ಬರುವವಳು, ಯಾರದೂ ನಟನೆಯಲ್ಲ. ಮೀಸೆಯ ಮಗು ಸಣ್ಣಗೆ ಗೊರಕೆ ಹೊಡೆಯುತ್ತಿತ್ತು.

ಟಕಟಕ ಸದ್ದು ಎಲ್ಲೂ ಇರಲಿಲ್ಲ. ಮೇಡಂ ಸಿಟ್ಟಿನಿಂದ ಹೊರಟೇಹೋದರೇನೋ ಎಂದುಕೊಳ್ಳುವಷ್ಟರಲ್ಲಿ ಅವರು ಕೊನೆಯ ಬೆಂಚಿನಿಂದ ಎದ್ದು ಬಂದರು, ಬರಿಗಾಲಲ್ಲಿ. ಚಪ್ಪಲಿ ಎಡಗೈಯಲ್ಲಿತ್ತು. ಕೆನ್ನೆಯ ಮೇಲೆ ಗಡಿಯಾರದ ಪಟ್ಟಿಯ ಅಚ್ಚಿತ್ತು. ಅಕ್ಕನ ಮೇಜಿನ ಮೇಲಿದ್ದ ಪಾಠದ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡು ಪೆನ್ನು ಎತ್ತಿಕೊಂಡರು.

“ವಾಕ್ಯ ಬಾಕಿ ಇದೆ,” ಎಂದರು.

ಅಕ್ಕ ದಡಬಡಿಸಿ ಎದ್ದು ನಿಂತಳು. ಈಗ ಹುಡುಕಬೇಕಾಗಲಿಲ್ಲ. ಹಿಂದಿನ ಬೆಂಚಿಗೂ ಮುಟ್ಟುವ ದನಿಯಲ್ಲಿ, “ನಾನು ವಿಶ್ರಾಂತಿ...” ಎಂದು ಶುರು ಮಾಡಿದಳು.

“ಶ್,” ಎಂದರು ಮೇಡಂ, ಸಹಿ ಹಾಕುತ್ತಲೇ. “ಮೆಲ್ಲಗೆ. ಮಕ್ಕಳು ಮಲಗಿದ್ದಾರೆ.”