ತವರಿನ ನಿದ್ದೆ

ನಿದ್ದೆಗೆ ತೆರಿಗೆ ಬಂದ ಮೇಲೆ, ಗದಗಿನ ತೆರಿಗೆ ಸಲಹೆಗಾರ ಕೊಟ್ರಪ್ಪನವರ ಅಂಗಡಿಯಲ್ಲಿ ಆಕಳಿಸದವರೇ ಇಲ್ಲ. ವರ್ಷವಿಡೀ ಮಲಗಿದ್ದಕ್ಕೆಲ್ಲ ಫಾರಂ ತುಂಬಬೇಕು, ಬಾಕಿ ಬಂದದ್ದನ್ನು ಎಚ್ಚರವಿದ್ದು ತೀರಿಸಬೇಕು. ಇವತ್ತು ಕಡೇ ದಿನ.

ಕೂಸು ಎತ್ತಿಕೊಂಡು ನಿಂತಿದ್ದ ಸುಮಂಗಲಾಳ ಫಾರಂ ನೋಡಿ ಅವರು ಹಣೆ ಚಚ್ಚಿಕೊಂಡರು.

"ಬಾಣಂತನದ ನಿದ್ದಿನೂ ಗಳಿಕಿಯೊಳಗ ಬರದೀಯಲ್ಲವ್ವಾ. ಹಿಂಗಾದ್ರ ದೀಪಾವಳಿ ತನಕ ಅರ್ಧ ರಾತ್ರಿ ಎಚ್ಚರ ಕೂಡಬೇಕಾಕ್ಕೈತಿ. ತವರಿನಾಗ ನಿನ್ನ ಯಾರು ಎಬ್ಬಸತಿದ್ರು?"

"ಯಾರೂ ಇಲ್ರೀ. ಸೀಟಿ ಹೊಡೀತೈತಿ ಅಂತ ಅವ್ವ ಕುಕ್ಕರ್ ಸೈತ ಇಡತಿರಲಿಲ್ಲ. ಕೂಸು ಅತ್ತರ ತಾನ ಎತಗೊಂಡು ಅಂಗಳದಾಗ ಅಡ್ಡಾಡತಿದ್ಲು."

"ಯಾರೂ ಎಬ್ಬಸಲಿಲ್ಲಂದ್ರ ಅದು ಉಡುಗೊರಿ. ಅದಕ್ಕ ಬ್ಯಾರೆ ಶೆಡ್ಯೂಲ್ ಐತಿ, ತೆರಿಗಿ ಇಲ್ಲ. ಕೊಟ್ಟವರ ಸಹಿ ಒಂದು ಬೇಕು. ಕರಿ ನಿಮ್ಮವ್ವನ್ನ, ಬಾಗಲಾ ಹಾಕೂ ಹೊತ್ತಾತು."

ಗೋಡೆ ಬದಿಯ ಬೆಂಚಿನ ಮೇಲೆ ಅವ್ವ ಕೂತಲ್ಲೇ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಕೂಸಿನ ಕುಲಾವಿ ಇನ್ನೂ ಕೈಯಲ್ಲೇ ಇತ್ತು. ಬಾಣಂತನ ಶುರುವಾದಾಗಿನಿಂದ ಅವ್ವ ಹೀಗೆ ಮಲಗಿದ್ದನ್ನು ಸುಮಂಗಲಾ ಕಂಡಿರಲೇ ಇಲ್ಲ. ಎಬ್ಬಿಸಲು ಭುಜದ ತನಕ ಒಯ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ನಂದು ಮೊದಲಿನ ಫಾರಂ ಹಂಗ ಇರಲಿ ಬಿಡ್ರೀ," ಅಂದಳು.

"ದೀಪಾವಳಿ ತನಕ, ತಂಗಿ."

"ಹೂಂರೀ. ಆ ಉಡುಗೊರಿ ಶೆಡ್ಯೂಲ್ ಅವ್ವನ ಹೆಸರಿಗೆ ತುಂಬ್ರಿ, ಈಗ ಮಲಗಿದ್ದಕ್ಕ. ಕೊಟ್ಟಾಕಿ ಅಂತ ನಾ ಸಹಿ ಮಾಡತೀನಿ. ಸಣ್ಣಗ ಮಾತಾಡ್ರಿ."

ಯಾವಾಗಲೂ ಮೇಜು ಅದುರುವಂತೆ ಠಸ್ಸೆ ಹೊಡೆಯುವ ಕೊಟ್ರಪ್ಪನವರು ಅದನ್ನು ಮೆಲ್ಲಗೆ ಒತ್ತಿದರು.