ಎರಡೇ ಮಾತಿನ ಅಧ್ಯಕ್ಷರು

ನೀವು ನಂಬಲಿಕ್ಕಿಲ್ಲ, ಆದರೂ ನಡೆದದ್ದೇ ಹೇಳುತ್ತೇನೆ. ನೈರೋಬಿಯ ಕನ್ನಡ ಸಂಘದಲ್ಲಿ ಮುಂದಿನ ಭಾನುವಾರ ರಾಜ್ಯೋತ್ಸವ. ಕಲಾವಿದರನ್ನು ಆರಿಸುವವರು ಅಧ್ಯಕ್ಷರು. "ಎರಡೇ ಮಾತು" ಎಂದು ಮೈಕು ಹಿಡಿದರೆ ಬಿಸಿಬೇಳೆಬಾತು ತಣ್ಣಗಾಗುವವರೆಗೂ ಬಿಡದ ಮಹಾನುಭಾವರು. ಮಿಮಿಕ್ರಿ ಮಾಡುತ್ತೇನೆಂದು ನಮ್ಮ ದಿವಾಕರ ಅವರ ಮತ್ತು ಸಮಿತಿಯವರ ಎದುರು ಹೋಗಿ ನಿಂತ.

"ಮಿಮಿಕ್ರಿನಾ? ಅದೂ ಒಂದು ಕಲೆಯೇನಯ್ಯಾ? ಎಲ್ಲಿ, ಮಾಡು. ನನಗೆ ನಗು ಬರದಿದ್ರೆ ನಿನಗೆ ವೇದಿಕೆ ಇಲ್ಲ."

ರೇಗಿಹೋದ ದಿವಾಕರ ಅವರನ್ನೇ ಅಣಕಿಸಿದ. ಶಾಲು ಕೊಡವಿದ, ಮೈಕು ಊದಿದ, ಕೆಮ್ಮಿದ, "ಎರಡೇ ಮಾತು" ಎಂದು ಅವರ ದನಿಯಲ್ಲೇ ತನ್ನನ್ನು ತಾನೇ ಹೊಗಳಿಕೊಳ್ಳತೊಡಗಿದ. ಸಮಿತಿಯವರು ನಗು ನುಂಗಿಕೊಂಡು ಅಧ್ಯಕ್ಷರ ಮುಖ ನೋಡಿದರು.

ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಅಯ್ಯಯ್ಯೋ, ಹಳೇ ಅಧ್ಯಕ್ಷ ಥೇಟ್ ಹೀಗೇ ಕಣಯ್ಯಾ! ಅವನನ್ನ ಮುಂದಿನ ಸಾಲಲ್ಲೇ ಕೂರಿಸ್ತೀನಿ. ನನ್ನ ಭಾಷಣ ಮುಗಿದ ತಕ್ಷಣ ನೀನು ಶುರು ಮಾಡು!"