ಬಚ್ಚಲು ನೋಡಲು ಬಂದವರು

ಮೂರನೆಯ ಸಲ ಬಂದಾಗಲೂ ಅವರು ಮೊದಲು ಕೇಳಿದ್ದು ಬಚ್ಚಲುಮನೆಯನ್ನೇ.

"ಅವ್ವ ಒಂದ್ಸಲ ಮಿಂದ್ಕಂಡು ನೋಡ್ಲಿ ಬುಡಿ ತಾಯಿ. ನಲ್ಲಿ ಪೋರ್ಸು ಎಂಗದೆ ಅಂತ ಗೊತ್ತಾಯ್ತದೆ," ಎಂದ ಚಿಕ್ಕಸ್ವಾಮಿ. ಅವನ ತಾಯಿ ದೊಡ್ಡತಾಯಮ್ಮ ಆಗಲೇ ಟವೆಲನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದರು.

ರಂಜಿನಿ ನಗುತ್ತಲೇ ಬಕೆಟ್ಟು ಕೊಟ್ಟಳು. ಗಡಿಯಾರ ನೋಡಿದಳು. ಏಳೂಕಾಲು. ಎಂಟಕ್ಕೆ ನಲ್ಲಿ ನಿಂತುಹೋಗುತ್ತದೆ. ಆ ಒಂದು ವಿಷಯವನ್ನು ಮಾತ್ರ ಅವಳು ಇನ್ನೂ ಹೇಳಿರಲಿಲ್ಲ.

ನಂಜನಗೂಡಿನ ದೇವಸ್ಥಾನದ ಹಿಂದಿನ ಹಳೇ ಬೀದಿಯಲ್ಲಿ ಸಹಕಾರ ಸಂಘದವರು ಕಟ್ಟಿಸಿದ ಎಂಟು ಮನೆಗಳ ಕಟ್ಟಡ ಅದು. ರಂಜಿನಿಯದು ಮೊದಲನೆಯ ಮಹಡಿ. ಗಂಡ ನಟರಾಜ್‌ಗೆ ತಿ. ನರಸೀಪುರಕ್ಕೆ ವರ್ಗವಾಗಿ ಎರಡು ವರ್ಷ. ಮಗಳು ಕವನ ಏಳುವ ಮೊದಲೇ ಬಸ್ಸು ಹತ್ತುತ್ತಿದ್ದ, ಅವಳು ಮಲಗಿದ ಮೇಲೆ ಬರುತ್ತಿದ್ದ. ಒಂದು ದಿನ ಜ್ವರ ಬಂದು ಅವನು ಮನೆಯಲ್ಲೇ ಉಳಿದಾಗ, "ಅಮ್ಮಾ, ಇವತ್ತು ಭಾನುವಾರಾನಾ?" ಎಂದು ಕೇಳಿತ್ತು ಮಗು.

ನರಸೀಪುರದಲ್ಲಿ ನಾಗಯ್ಯ ಎಂಬುವರ ಮನೆ ಗೊತ್ತಾಗಿತ್ತು. ಹಿತ್ತಿಲು, ಸೀಬೆಮರ, ನಟರಾಜನ ಆಫೀಸಿಗೆ ಹತ್ತು ನಿಮಿಷ. ಸಂಕ್ರಾಂತಿಯವರೆಗೆ ಕಾಯುತ್ತೇನೆ ಎಂದಿದ್ದರು ನಾಗಯ್ಯ. ಅಷ್ಟರೊಳಗೆ ಈ ಮನೆ ಹೋಗಬೇಕು. ಮುಂಗಡ ಕೈಸೇರಿದ ಕೂಡಲೇ ಸಂಘದ ನಿಯಮದಂತೆ ಕೆಳಗಿನ ಬೋರ್ಡಿಗೆ ನೋಟೀಸು ಅಂಟಿಸಬೇಕು. ಆ ನೋಟೀಸಿನ ಒಕ್ಕಣೆ ರಂಜಿನಿಗೆ ಬಾಯಿಪಾಠವಾಗಿತ್ತು.

'ಮಾರಾಟಕ್ಕಿದೆ' ಎಂದು ಬಾಲ್ಕನಿಗೆ ಕಟ್ಟಿದ ಹಲಗೆಯ ಮೇಲಿದ್ದ ಫೋನ್ ನಂಬರು ಕೆಳಮನೆಯ ಸುಬ್ಬಲಕ್ಷ್ಮಮ್ಮನವರದು. ಇಡೀ ಕಟ್ಟಡಕ್ಕೆ ಅದೊಂದೇ ಫೋನು. ಬೇಸರವಿಲ್ಲದೆ ಎಲ್ಲರ ಹತ್ತಿರವೂ ಮಾತಾಡುತ್ತಿದ್ದರು. ಎಂಟರ ಮೇಲೆ ನೀರು ಬೇಕೆಂದರೆ ತಮ್ಮ ನಲ್ಲಿಯಿಂದ ಕೊಡ ತುಂಬಿಸಿಕೊಡುತ್ತಿದ್ದರು. ದೊಡ್ಡತಾಯಮ್ಮ ಹದಿನೆಂಟು ಮೆಟ್ಟಿಲು ಹತ್ತಲಾರದೆ ಏದುಸಿರು ಬಿಟ್ಟಾಗ ಜಗುಲಿಯಲ್ಲಿ ಕೂರಿಸಿ ಮಜ್ಜಿಗೆ ಕೊಟ್ಟವರೂ ಅವರೇ.

ಮನೆ ನೋಡಿದವರು ಬಹಳ. ಮತ್ತೆ ಬಂದವರು ಮುಡುಕುತೊರೆಯ ಈ ತಾಯಿ ಮಗ ಮಾತ್ರ. ಪ್ರತಿ ಸಲವೂ ಒಂದೇ ಕ್ರಮ. ಸ್ನಾನ. ಆಮೇಲೆ "ಬೀದಿ ನೋಡ್ಕಂಡು ಬತ್ತೀವಿ" ಎಂದು ಬ್ಯಾಗು ಇಲ್ಲೇ ಬಿಟ್ಟು ಹೊರಡುವುದು. ಹನ್ನೊಂದಕ್ಕೆ ಹಣೆತುಂಬ ವಿಭೂತಿಯೊಂದಿಗೆ ವಾಪಸು. ನಡುಮನೆಯಲ್ಲಿ ಕೂತು ಪುಳಿಯೋಗರೆಯ ಡಬ್ಬಿ ಬಿಚ್ಚುವುದು. "ಪ್ಯಾನ್ ಗಾಳಿ ನೆಲಕ್ಕೆ ಬತ್ತದಾ ನೋಡಣ" ಎಂದು ದೊಡ್ಡತಾಯಮ್ಮ ಅಡ್ಡಾದರೆ ಮೂರು ಗಂಟೆಯವರೆಗೆ ಗೊರಕೆ.

ಮಲಗಿ ನೋಡುವವರು ಖಂಡಿತ ಕೊಳ್ಳುತ್ತಾರೆ ಎಂದು ರಂಜಿನಿ ನಂಬಿದ್ದಳು.

ಇವತ್ತೂ ಅವರು ಹೊರಹೋಗುತ್ತಲೇ ಸುಬ್ಬಲಕ್ಷ್ಮಮ್ಮ ಮೇಲೆ ಬಂದರು. ಬೆರಳಿಗೆಲ್ಲ ನೀಲಿ ಬಣ್ಣ.

"ಬಚ್ಚಲಿಗೆ ಬಣ್ಣ ಹೊಡೆಸ್ತಿದೀನಿ ಕಣೇ. ಎಲ್ಲಿ ನಿನ್ನ ಗಿರಾಕಿಗಳು?"

"ಬೀದಿ ನೋಡೋಕೆ ಹೋದ್ರು."

"ಮೂರು ಸಲ ನೋಡೋ ಅಂಥ ಬೀದಿ ಏನಿದು?" ಸುಬ್ಬಲಕ್ಷ್ಮಮ್ಮ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು. "ಇವತ್ತೇನು? ಹುಣ್ಣಿಮೆ. ಹೋದ ಸಲ ಬಂದಿದ್ದು?"

ರಂಜಿನಿ ಹಾಳೆ ಹಿಂದಕ್ಕೆ ತಿರುವಿದಳು. ಹುಣ್ಣಿಮೆ. ಅದರ ಹಿಂದಿನದೂ ಹುಣ್ಣಿಮೆ.

"ಛತ್ರದಲ್ಲಾದ್ರೆ ರೂಮಿಗೆ ದುಡ್ಡು ಕೇಳ್ತಾರೆ. ಇಲ್ಲಿ ನೀನು ಕಾಫಿ ಬೇರೆ ಕೊಡ್ತೀಯ. ನಾನಾಗಿದ್ರೆ ಇವತ್ತೇ ಕಳಿಸಿಬಿಡ್ತಿದ್ದೆ."

"ಹೇಗಮ್ಮಾ ಮುಖ ಮುರಿದು ಹೇಳೋದು? ವಯಸ್ಸಾದೋರು."

"ನೀನು ಮೇಲಿಂದ ಕಳಿಸು. ಕೆಳಗೆ ನಾನು ನೋಡ್ಕೋತೀನಿ."

ಹನ್ನೊಂದಕ್ಕೆ ಸರಿಯಾಗಿ ತಾಯಿ ಮಗ ಬಂದರು. ವಿಭೂತಿ. ಕೈಚೀಲದಿಂದ ತೆಂಗಿನಕಾಯಿ, ವೀಳ್ಯದೆಲೆ, ಬಾಳೆಹಣ್ಣು ಇಣುಕುತ್ತಿದ್ದವು. ಇನ್ನೇನು ಸಾಕ್ಷಿ ಬೇಕು?

"ತಾಯಿ, ಒಂದು ತಟ್ಟೆ ಕೊಡಿ," ಎಂದ ಚಿಕ್ಕಸ್ವಾಮಿ ಜೇಬಿಗೆ ಕೈಹಾಕುತ್ತ.

"ಇನ್ನು ತಟ್ಟೆ ಬೇರೆನಾ? ಎಲೆ ಹಾಕಿ ಬಡಿಸಲಾ?" ರಂಜಿನಿಯ ದನಿ ಅವಳಿಗೇ ಗುರುತು ಸಿಗಲಿಲ್ಲ. "ನೀವು ಬರೋದು ಹುಣ್ಣಿಮೆ ಪೂಜೆಗೆ, ಹೌದೋ ಅಲ್ವೋ?"

"ಊಂ ಕಣವ್ವ," ಎಂದರು ದೊಡ್ಡತಾಯಮ್ಮ, ಇದರಲ್ಲಿ ಕೇಳುವುದೇನಿದೆ ಎಂಬಂತೆ. "ವರ್ಸದಿಂದ್ಲೂ ಬತ್ತೀವಿ."

"ಹಾಗಿದ್ರೆ ಛತ್ರ ನೋಡ್ಕೊಳ್ಳಿ. ಮನೆ ನೋಡೋ ನಾಟಕ ಬೇಡ. ಕೇಳಿ, ಇಲ್ಲಿ ನೀರೂ ಎಂಟಕ್ಕೇ ನಿಂತುಹೋಗುತ್ತೆ. ಆಮೇಲೆ ನಿಮ್ಮ ಕೈಕಾಲಿಗೆ ಅಂತ ನಾನು ಕೆಳಗಿಂದ ಹೊತ್ತು ಡ್ರಮ್ಮು ತುಂಬಿಸಿದ್ದು!"

ಚಿಕ್ಕಸ್ವಾಮಿ ಜೇಬಿನಿಂದ ಕೈಯನ್ನು ಖಾಲಿಯಾಗಿ ಹೊರತೆಗೆದ. ದೊಡ್ಡತಾಯಮ್ಮ ಅವಳನ್ನೇ ನೋಡಿದರು. ಸಿಟ್ಟಿರಲಿಲ್ಲ.

"ಕೆಳಗಡೀಕೂ ಎಂಟಕ್ಕೇ ನಿಂತೋಯ್ತದೇನವ್ವ?"

"ಕೆಳಗಡೆ ದಿನವೆಲ್ಲಾ ಬರುತ್ತೆ. ಹೋಗಿ, ಅಲ್ಲೇ ಸ್ನಾನ ಮಾಡಿ!"

ಅವರು ಬ್ಯಾಗು ಎತ್ತಿಕೊಂಡು ನಿಧಾನವಾಗಿ ಇಳಿದರು. ಹದಿನೆಂಟು ಮೆಟ್ಟಿಲು. ರಂಜಿನಿ ಕದ ಹಾಕಿ ಅಲ್ಲೇ ಒರಗಿ ನಿಂತಳು. ಮನಸ್ಸು ಹಗುರವಾಗಿತ್ತು. ಕೆಳಗಿನಿಂದ ಸುಬ್ಬಲಕ್ಷ್ಮಮ್ಮನವರ ಮಾತು ಬಹಳ ಹೊತ್ತು ಕೇಳಿಸಿತು. ಪಾಪ, ನನಗಾಗಿ ಜಗಳವಾಡುತ್ತಿದ್ದಾರೆ ಎಂದುಕೊಂಡಳು.

ಸಂಜೆ ಸುಬ್ಬಲಕ್ಷ್ಮಮ್ಮ ಒಂದು ಹೋಳು ತೆಂಗಿನಕಾಯಿ, ನಾಲ್ಕು ಬಾಳೆಹಣ್ಣು ತಂದುಕೊಟ್ಟರು. "ಮಗೂಗೆ ಕೊಡು. ಇನ್ನು ಅವರು ನಿನ್ನ ಮೆಟ್ಟಿಲು ಹತ್ತಲ್ಲ ಬಿಡು."

"ನಿಮ್ಮ ಉಪಕಾರ ಹೇಗೆ ತೀರಿಸಲಮ್ಮಾ?" ರಂಜಿನಿಯ ಕಣ್ಣು ತುಂಬಿತು.

"ಅಯ್ಯೋ, ನೀನೇನು ಕಡಿಮೆ ಮಾಡಿದ್ಯಾ?" ಎಂದರು ಸುಬ್ಬಲಕ್ಷ್ಮಮ್ಮ.

ಮೂರನೆಯ ದಿನ ಕವನಳನ್ನು ಶಾಲೆಗೆ ಬಿಡಲು ಇಳಿದಾಗ ಕೆಳಗಿನ ಬೋರ್ಡಿನಲ್ಲಿ ಹೊಸ ನೋಟೀಸು ಇತ್ತು. ಒಕ್ಕಣೆ ಬಾಯಿಪಾಠವಿದ್ದದ್ದೇ. ಹೆಸರುಗಳನ್ನಷ್ಟೇ ಅವಳು ಓದಬೇಕಾಗಿತ್ತು.

ಮನೆ ನಂಬರು ಒಂದು, ಮಾರುವವರು ಸುಬ್ಬಲಕ್ಷ್ಮಮ್ಮ, ಕೊಳ್ಳುವವರು ಮುಡುಕುತೊರೆಯ ದೊಡ್ಡತಾಯಮ್ಮ, ಉದ್ದೇಶ, ಪ್ರತಿ ಹುಣ್ಣಿಮೆಗೆ ಬಂದು ಇಳಿದುಕೊಳ್ಳಲು ಸ್ವಂತ ಮನೆ.